ಕೆಂಪು ಕೊರಕಕ್ಕೆ ಹೊಸ ಮನೆತನ

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸಂಘದ ಕಚೇರಿಯ ಮೇಜಿನ ಮೇಲೆ ಬಾಡಿದ ಕಾಫಿ ಕೊಂಬೆಗಳು ಬಂದು ಬೀಳುವುದು ವಾಡಿಕೆ. ತಂದವರೆಲ್ಲರ ಮಾತೂ ಒಂದೇ: "ಬೋರರ್ ಬಿದ್ದಿದೆ ಸಾರ್, ಏನು ಹೊಡೆಯೋಣ?" ಸೀಳಿ ನೋಡಿದರೆ ಎಷ್ಟೋ ಸಲ ಒಳಗಿರುವುದು ಕೆಂಪು ಮೈಯ ಹುಳು. ನಮ್ಮಲ್ಲಿ ಕೊರೆಯುವುದೆಲ್ಲ ಬೋರರ್. ಬಿಳಿ ಕಾಂಡಕೊರಕ ದುಂಬಿಯ ಮರಿ, ಕೆಂಪು ಕೊರಕ ಪತಂಗದ ಮರಿ ಎಂಬ ಭೇದವನ್ನು ನಾವೇ ಒಂದು ವರ್ಷ ಮರೆತು, ರೋಬಸ್ಟಾ ಸಸಿಗಳ ಕಾಂಡಕ್ಕೆಲ್ಲ ಸುಣ್ಣ ಬಳಿಸಿ, ಸುಣ್ಣವನ್ನೂ ಆಳಿನ ಕೂಲಿಯನ್ನೂ ಕಳೆದುಕೊಂಡದ್ದುಂಟು.

ಈಚೆಗೆ ಸದಸ್ಯರೊಬ್ಬರ ಮಗ, ಕೃಷಿ ಪದವಿಗೆ ಓದುತ್ತಿರುವ ಹುಡುಗ, ಇನ್ನೊಂದು ತೊಡಕು ತಂದಿಟ್ಟ. ಅವನ ಒಂದು ಪುಸ್ತಕದಲ್ಲಿ ಕೆಂಪು ಕೊರಕದ ಹೆಸರು 'ಝೂಜೆರಾ ಕಾಫಿಯೆ', ಇನ್ನೊಂದು ಲೇಖನದಲ್ಲಿ 'ಪಾಲಿಫ್ಯಾಗೊಝೆರಾ ಕಾಫಿಯೆ'. "ಇವು ಎರಡು ಹುಳಗಳೇ?" ಎಂದು ಅವನ ಪ್ರಶ್ನೆ. ಅಲ್ಲ, ಹುಳ ಒಂದೇ. ಅದರ ಮನೆತನ ಮಾತ್ರ ಬದಲಾಗಿದೆ.

ಪ್ರಾಣಿಶಾಸ್ತ್ರದ ಹೆಸರಿನಲ್ಲಿ ಎರಡು ಪದಗಳಿರುತ್ತವೆ. ಮೊದಲನೆಯದು ಕುಲದ ಹೆಸರು, ಕೊಡಗಿನವರ ಒಕ್ಕದ ಹೆಸರಿನಂತೆ. ಎರಡನೆಯದು ಆ ಜೀವಿಯ ಸ್ವಂತ ಹೆಸರು. ನಮ್ಮ ಪತಂಗಕ್ಕೆ 'ಕಾಫಿಯೆ' ಎಂಬ ಸ್ವಂತ ಹೆಸರಿಟ್ಟವನು ನೀಟ್ನರ್ ಎಂಬ ಜರ್ಮನ್. ಸಿಲೋನಿನ ಕಾಫಿ ಗಿಡದ ಶತ್ರುಗಳನ್ನು ಕುರಿತು 1861ರಲ್ಲಿ ಆತ ಪ್ರಕಟಿಸಿದ ಪುಟ್ಟ ಪುಸ್ತಕದಲ್ಲಿ ಇದರ ವಿವರವಿದೆ. (ಸಿಲೋನಿನಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡದ್ದು 1869ರಲ್ಲಿ. ಪಾಪ, ತನ್ನ ಪಟ್ಟಿಗೆ ಸೇರದ ಶತ್ರುವೊಂದು ಅಲ್ಲಿನ ಕಾಫಿಯನ್ನೇ ಅಳಿಸಿಹಾಕೀತೆಂದು ಆತನಿಗೆ ಹೇಗೆ ತಿಳಿಯಬೇಕು!)

ನೀಟ್ನರ್ ಇದನ್ನು ಝೂಜೆರಾ ಕುಲಕ್ಕೆ ಸೇರಿಸಿದ. ಆ ಕುಲವನ್ನು ಫ್ರಾನ್ಸಿನ ಲಾಟ್ರೇಯ್ 1804ರಲ್ಲಿಯೇ ಸ್ಥಾಪಿಸಿದ್ದ. ಅದರ ಮೂಲಪುರುಷ ಯೂರೋಪಿನ ಸೇಬು, ಪೇರು ಮರಗಳನ್ನು ಕೊರೆಯುವ ಚಿರತೆ ಪತಂಗ. ಬಿಳಿ ರೆಕ್ಕೆ, ಅದರ ಮೇಲೆಲ್ಲ ನೀಲಿಗಪ್ಪು ಚುಕ್ಕೆ. ಲಿನೇಯಸ್‌ನಂಥ ಲಿನೇಯಸ್ಸೇ ಆ ಒಂದು ಪತಂಗಕ್ಕೆ 1761ರಲ್ಲಿ ಒಂದು, 1767ರಲ್ಲಿ ಮತ್ತೊಂದು ಹೆಸರಿಟ್ಟು ಎಡವಿದ್ದಾನೆ. ಹೀಗಿರುವಾಗ ನಾವು ಬೋರರ್‌ಗಳನ್ನು ಬೆರೆಸಿಕೊಂಡದ್ದು ಅಂಥ ಮಹಾಪರಾಧವೇನೂ ಆಗಲಾರದು.

ಚುಕ್ಕೆ ಹೊತ್ತ ಬಿಳಿ ಪತಂಗಗಳೆಲ್ಲ ನೂರಾರು ವರ್ಷ ಝೂಜೆರಾ ಎಂಬ ಒಂದೇ ಸೂರಿನಡಿ ಕೂಡಿಕೊಂಡವು. ಆದರೆ ರೆಕ್ಕೆಯ ಚುಕ್ಕೆ ನಂಬತಕ್ಕ ಸಾಕ್ಷಿಯಲ್ಲ. ಆದುದರಿಂದ ತಜ್ಞರು ಮೀಸೆಯ ರಚನೆ, ರೆಕ್ಕೆಯ ನರಗಳು, ಎಲ್ಲಕ್ಕೂ ಮಿಗಿಲಾಗಿ ಗಂಡು ಪತಂಗದ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಹೋಲಿಸುತ್ತಾರೆ. ರಷ್ಯಾದ ಯಾಕೊವ್ಲೆವ್ 2011ರಲ್ಲಿ ಹಳೆಯ ಜಗತ್ತಿನ ಕಾಸಿಡೆ ಕುಟುಂಬದ ಪಟ್ಟಿಯನ್ನು ಹೊರತಂದಾಗ ನಮ್ಮ ಪತಂಗವನ್ನು ಝೂಜೆರಾದಿಂದ ಬಿಡಿಸಿ ಪಾಲಿಫ್ಯಾಗೊಝೆರಾ ಎಂಬ ಹೊಸ ಕುಲದಲ್ಲಿ ಇರಿಸಿದರು. 'ಪಾಲಿಫ್ಯಾಗ' ಎಂದರೆ ಬಹಳ ಬಗೆಯದನ್ನು ತಿನ್ನುವಂಥದು. ಹೆಸರು ಒಪ್ಪುತ್ತದೆ: ಕಾಫಿಯಲ್ಲದೆ ಟೀ, ಕೋಕೋ, ಸೀಬೆ, ತೇಗ, ಗಂಧ, ಯಾವುದನ್ನೂ ಇದು ಬಿಡದು.

ಕುಲ ಬದಲಾದರೂ 'ಕಾಫಿಯೆ' ಉಳಿಯಿತು. ಮೊದಲು ಹೆಸರಿಟ್ಟವನ ಹೆಸರು ಕಂಸದೊಳಗೆ ಹೋಯಿತು. ಪುಸ್ತಕದಲ್ಲಿ ನೀಟ್ನರ್ ಹಾಗೂ 1861 ಕಂಸದಲ್ಲಿದ್ದರೆ, ಈ ಜೀವಿ ಹುಟ್ಟಿದ ಮನೆ ಬಿಟ್ಟು ಬೇರೆ ಮನೆ ಸೇರಿದೆ ಎಂದು ತಿಳಿಯಬೇಕು.

ಇದರಿಂದ ಬೆಳೆಗಾರನಿಗೇನು ಎಂದು ಕೇಳುವವರಿದ್ದಾರೆ. ಈ ಹುಳದ ಬಗ್ಗೆ 2011ಕ್ಕೆ ಮೊದಲು ಆದ ಕೆಲಸವೆಲ್ಲ ಹಳೆಯ ಹೆಸರಿನಡಿ ಇದೆ, ಈಗಲೂ ಅನೇಕರು ಅದನ್ನೇ ಬರೆಯುತ್ತಾರೆ. ಒಂದೇ ಹೆಸರು ಹಿಡಿದು ಹುಡುಕುವವನಿಗೆ ಅರ್ಧ ತಿಳಿವಳಿಕೆ ಕೈತಪ್ಪುತ್ತದೆ. ಔಷಧಿಯ ಡಬ್ಬದ ಮೇಲೆ ಹೊಸ ಹೆಸರು ಕಂಡು, ಹೊಸ ಕೀಟ ಬಂದಿತೆಂದು ಹೊಸ ಔಷಧಿ ಕೊಳ್ಳುವುದೂ ಬೇಡ.

ತೋಟದಲ್ಲಿ ಗುರುತಿಸುವುದಕ್ಕೆ ಸೂಕ್ಷ್ಮದರ್ಶಕ ಬೇಕಿಲ್ಲ. ಕೆಂಪು ಕೊರಕ ಕಾಂಡದಲ್ಲಿ ತೂತು ಮಾಡಿ ಹಿಕ್ಕೆಯನ್ನು ಹೊರದೂಡುತ್ತದೆ. ಗಿಡದ ಬುಡದಲ್ಲಿ ಕಾಳುಕಾಳಾಗಿ ಹಿಕ್ಕೆ ಬಿದ್ದಿದ್ದರೆ ತಲೆ ಎತ್ತಿ ತೂತು ಹುಡುಕಿ. ಪತಂಗ ಹಾರಿಹೋದ ಮೇಲೆ ಕೋಶದ ಸಿಪ್ಪೆ ತೂತಿನಲ್ಲಿ ಅರ್ಧ ಹೊರಚಾಚಿಕೊಂಡಿರುತ್ತದೆ. ಬಿಳಿ ಕಾಂಡಕೊರಕ ಹಿಕ್ಕೆಯನ್ನು ಸುರಂಗದೊಳಗೇ ಒತ್ತಾಗಿ ತುಂಬಿಕೊಳ್ಳುತ್ತದೆ, ತೊಗಟೆಯ ಮೇಲೆ ಏಣು ಎದ್ದಿರುತ್ತದೆ. ಅದರ ಹಾವಳಿ ಮುಖ್ಯವಾಗಿ ಅರೇಬಿಕಾಕ್ಕೆ. ಕೆಂಪು ಕೊರಕಕ್ಕೆ ರೋಬಸ್ಟಾವೂ ಆದೀತು, ಎಳೆಯ ಗಿಡವಾದರೆ ಇನ್ನೂ ಇಷ್ಟ.

ದುಂಬಿ ಮೊಟ್ಟೆಯಿಡದಂತೆ ಬಳಿಯುವ ಸುಣ್ಣವಾಗಲಿ, ದುಂಬಿಗೆಂದೇ ಕಟ್ಟುವ ಮೋಹಕ ಬಲೆಯಾಗಲಿ ಈ ಪತಂಗಕ್ಕೆ ನಾಟದು. ಕತ್ತಿಯೇ ಔಷಧಿ. ಬಾಡಿದ ಕೊಂಬೆಯನ್ನು ತೂತಿನಿಂದ ಕೆಳಗೆ, ಸುರಂಗ ಮುಗಿದು ಹಸಿ ಮರ ಕಾಣುವವರೆಗೆ ಕಡಿದು, ಅಂದೇ ಸುಡಬೇಕು. ಕಡಿದದ್ದನ್ನು ತೋಟದ ಅಂಚಿಗೆ ಎಸೆದರೆ ಹುಳ ಅಲ್ಲಿಯೇ ಬಲಿತು ಪತಂಗವಾದೀತು.

ಸಂಘದ ದಾಖಲೆ ಪುಸ್ತಕದಲ್ಲಿ ಇನ್ನು ಮೇಲೆ ಎರಡು ಕಾಲಂ ಇರುತ್ತದೆ, ಒಂದು ದುಂಬಿಗೆ, ಒಂದು ಪತಂಗಕ್ಕೆ. ಕೊಂಬೆ ತರುವವರು ಸೀಳದೆ ಹಾಗೆಯೇ ತನ್ನಿ, ಸಾಧ್ಯವಾದರೆ ಬುಡದ ಹಿಕ್ಕೆಯನ್ನೂ ಒಂದು ಕಾಗದದಲ್ಲಿ ಕಟ್ಟಿಕೊಂಡು.