ಸವೆಯದ ಚಂದ್ರ, ಬೆಳೆಯದ ಚಂದ್ರ

ಚಂದ್ರ ದಿನದಿನಕ್ಕೆ ಏಕೆ ಸವೆಯುತ್ತಾನೆ ಎಂದು ಮಗು ಕೇಳಿದರೆ ಎಷ್ಟೋ ಮನೆಗಳಲ್ಲಿ ಥಟ್ಟನೆ ಸಿಗುವ ಉತ್ತರ: 'ಅವನ ಮೇಲೆ ಭೂಮಿಯ ನೆರಳು ಬೀಳುತ್ತದೆ.' ಕೇಳಲು ಒಪ್ಪುವಂತಿದೆ. ಆದರೆ ಅದು ಚಂದ್ರಗ್ರಹಣಕ್ಕೆ ಸಲ್ಲಬೇಕಾದ ಉತ್ತರ, ವೃದ್ಧಿ-ಕ್ಷಯಗಳಿಗಲ್ಲ. ಇದನ್ನೇ ಪರೀಕ್ಷೆಯಲ್ಲಿ ಬರೆದು ಒಂದೆರಡು ಅಂಕ ಕಳೆದುಕೊಂಡರೆ ಅದು ಚಿಕ್ಕ ನಷ್ಟ. ಒಮ್ಮೆ ತಲೆಯೆತ್ತಿ ನೋಡಿದ್ದರೆ ಬಗೆಹರಿಯುತ್ತಿದ್ದ ತಪ್ಪನ್ನು ಹೊತ್ತುಕೊಂಡೇ ಮಕ್ಕಳು ದೊಡ್ಡವರಾಗಿ, ತಮ್ಮ ಮಕ್ಕಳಿಗೂ ಅದನ್ನೇ ಹೇಳುವುದು ದೊಡ್ಡ ನಷ್ಟ.

ಶುಕ್ಲಪಕ್ಷದ ಅಷ್ಟಮಿಯಂದು ಸಂಜೆ ನಾಲ್ಕರ ಸುಮಾರಿಗೆ ಅಂಗಳಕ್ಕೆ ಬಂದರೆ ಸಾಕು. ಪಶ್ಚಿಮದಲ್ಲಿ ಸೂರ್ಯ ಇನ್ನೂ ಉರಿಯುತ್ತಿರುತ್ತಾನೆ. ಪೂರ್ವದ ಕಡೆ, ಸಾಕಷ್ಟು ಎತ್ತರದಲ್ಲಿ, ಹತ್ತಿಯಂತೆ ಬೆಳ್ಳಗೆ ಅರ್ಧಚಂದ್ರ! ಭೂಮಿಯ ನೆರಳು ಯಾವಾಗಲೂ ಸೂರ್ಯನಿಗೆ ನೇರ ವಿರುದ್ಧ ದಿಕ್ಕಿಗೆ ಚಾಚಿರುತ್ತದೆ. ಸೂರ್ಯ ಇನ್ನೂ ಮುಳುಗಿಲ್ಲ ಎಂದರೆ ಆ ನೆರಳು ಪೂರ್ವ ದಿಗಂತದ ಕೆಳಗೇ ಇದೆ. ಅಲ್ಲಿರುವ ನೆರಳು ಇಷ್ಟು ಮೇಲಿರುವ ಚಂದ್ರನ ಅರ್ಧವನ್ನು ನುಂಗುವುದು ಹೇಗೆ? ಬೆಳಗುತ್ತಿರುವ ಅರ್ಧ ಯಾವ ಕಡೆಗೆ ತಿರುಗಿದೆ ಎಂಬುದನ್ನೂ ಗಮನಿಸಬೇಕು. ಅದು ಸೂರ್ಯನ ಕಡೆಗೆ.

ಚಂದ್ರನಿಗೆ ಸ್ವಂತ ಬೆಳಕಿಲ್ಲ. ಗ್ರಹಣದ ಹೊತ್ತನ್ನು ಬಿಟ್ಟರೆ, ಸೂರ್ಯನಿಗೆ ಎದುರಾದ ಅರ್ಧ ಮೈ ಸದಾ ಬೆಳಗಿರುತ್ತದೆ, ಇನ್ನರ್ಧ ಕತ್ತಲಲ್ಲಿರುತ್ತದೆ. ಅಮಾವಾಸ್ಯೆಯಂದೂ ಅಷ್ಟೇ, ಹುಣ್ಣಿಮೆಯಂದೂ ಅಷ್ಟೇ. ಆ ಬೆಳಗಿದ ಅರ್ಧದಲ್ಲಿ ಭೂಮಿಗೆ ಕಾಣುವ ಪಾಲು ಮಾತ್ರ ಬದಲಾಗುತ್ತದೆ. ಅಮಾವಾಸ್ಯೆಯಲ್ಲಿ ಚಂದ್ರ ಸೂರ್ಯನ ದಿಕ್ಕಿನಲ್ಲೇ ಇದ್ದು ಕತ್ತಲ ಬೆನ್ನನ್ನು ತೋರಿಸುತ್ತಾನೆ; ಹುಣ್ಣಿಮೆಯಲ್ಲಿ ಸೂರ್ಯನಿಗೆ ಎದುರಾಗಿ ಬೆಳಗಿದ ಮುಖವನ್ನು ತೋರಿಸುತ್ತಾನೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ.

ನಂಬಿಕೆ ಬಾರದಿದ್ದರೆ ಮಾಡಿ ನೋಡಬಹುದು. ಕೃಷ್ಣಪಕ್ಷದ ಅಷ್ಟಮಿಯ ಮಾರನೆಯ ಬೆಳಿಗ್ಗೆ, ಶಾಲೆಗೆ ಹೊರಡುವ ಹೊತ್ತಿಗೆ, ಚಂದ್ರ ಪಶ್ಚಿಮದಲ್ಲಿ ಇನ್ನೂ ಇರುತ್ತಾನೆ. ಬಿಳಿ ಚೆಂಡೊಂದನ್ನು (ನಿಂಬೆಹಣ್ಣಾದರೂ ಸರಿ) ಬಿಸಿಲಿನಲ್ಲಿ ನಿಂತು, ಕೈ ಚಾಚಿ, ಚಂದ್ರನ ಪಕ್ಕಕ್ಕೆ ಹಿಡಿಯಬೇಕು. ಚಂದ್ರ ಎಷ್ಟು ಬೆಳಗಿದ್ದಾನೋ ನಿಂಬೆಹಣ್ಣೂ ಅಷ್ಟೇ ಬೆಳಗಿರುತ್ತದೆ, ಅದೇ ಓರೆಯಲ್ಲಿ. ಎರಡರ ಮೇಲೂ ಬೀಳುವುದು ಒಂದೇ ಸೂರ್ಯನ ಬಿಸಿಲು, ನೋಡುವ ದಿಕ್ಕೂ ಒಂದೇ. ಎಷ್ಟು ಚಿತ್ರ ಬರೆದರೂ ತಲೆಗೆ ಹತ್ತದ್ದು ಇಲ್ಲಿ ಅರ್ಧ ನಿಮಿಷದಲ್ಲಿ ಹತ್ತುತ್ತದೆ.

ಯುಗಾದಿಯ ಮರುದಿನ ಚಂದ್ರದರ್ಶನಕ್ಕೆಂದು ಮಹಡಿ ಹತ್ತುವವರೇ ಗಣೇಶ ಚೌತಿಯ ಚಂದ್ರನನ್ನು ಕಂಡರೆ ಅಪವಾದ ಬರುತ್ತದೆಂದು ಮುಖ ತಿರುಗಿಸುತ್ತಾರೆ. ಇಬ್ಬರು ಚಂದ್ರರಿಗೂ ಇರುವುದು ಎರಡು ದಿನದ ವಯಸ್ಸಿನ ವ್ಯತ್ಯಾಸ! ಆ ಎಳೆಚಂದ್ರನ ಉಳಿದ ಭಾಗವೂ ಬೂದಿಬಣ್ಣದಲ್ಲಿ ಮಸುಕಾಗಿ ಕಾಣುವುದುಂಟು. ಅದು ಭೂಮಿಗೆ ಬಿದ್ದ ಬಿಸಿಲು ಅಲ್ಲಿಗೆ ಚಿಮ್ಮಿ ಮರಳಿ ಬಂದ ಬೆಳಕು.

ನೆರಳಿನ ಪಾತ್ರ ಗ್ರಹಣಕ್ಕೆ ಮಾತ್ರ ಎಂಬುದೇನೂ ಹೊಸ ಸಂಗತಿಯಲ್ಲ. 499ರ ಸುಮಾರಿನ 'ಆರ್ಯಭಟೀಯ'ದಲ್ಲೇ ಗ್ರಹಣಕ್ಕೆ ನೆರಳಿನ ವಿವರಣೆ ಇದೆ. ಚಂದ್ರನ ಪಥ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ.

ಅರ್ಧಚಂದ್ರನಲ್ಲಿ ಬೆಳಕು-ಕತ್ತಲೆಗಳ ನಡುವಿನ ಗೆರೆಯಿದೆಯಲ್ಲ, ಶುಕ್ಲಪಕ್ಷದಲ್ಲಿ ಆ ಗೆರೆಯುದ್ದಕ್ಕೂ ಚಂದ್ರನ ನೆಲದ ಮೇಲೆ ಸೂರ್ಯೋದಯ. 2023ರ ಆಗಸ್ಟ್ 23ರಂದು, ಶ್ರಾವಣ ಶುದ್ಧ ಸಪ್ತಮಿಯ ಸಂಜೆ, ಚಂದ್ರಯಾನ-3ರ ವಿಕ್ರಮ್ ಇಳಿದದ್ದು ಆಗಷ್ಟೇ ಬೆಳಗಾಗಿದ್ದ ನೆಲಕ್ಕೆ. ಸೌರವಿದ್ಯುತ್ತನ್ನೇ ನಂಬಿದ್ದ ಅದಕ್ಕೆ ದೊರೆತದ್ದು ಒಂದು ಚಾಂದ್ರ ಹಗಲು, ಎಂದರೆ ಭೂಮಿಯ ಸುಮಾರು 14 ದಿನ. ಕತ್ತಲಾಗುವ ಮುನ್ನ ಸೆಪ್ಟೆಂಬರ್ 2ರಂದು ಪ್ರಜ್ಞಾನ್ ರೋವರನ್ನೂ 4ರಂದು ವಿಕ್ರಮನನ್ನೂ ಮಲಗಿಸಲಾಯಿತು. ಅಲ್ಲಿ ಮತ್ತೆ ಬೆಳಗಾದಾಗ, ಸೆಪ್ಟೆಂಬರ್ 22ರಂದು, ಇಸ್ರೋ ವಿಜ್ಞಾನಿಗಳು ಎರಡನ್ನೂ ಎಬ್ಬಿಸಲು ಯತ್ನಿಸಿದರು. ಉತ್ತರ ಬರಲಿಲ್ಲ.