ಎದೆಗುಂದುವುದು ಎಂದರೇನು?

ಮಳೆ ಕೈಕೊಟ್ಟು ಬಿತ್ತಿದ ಹೆಸರು ಹೊಲದಲ್ಲೇ ಒಣಗಿದಾಗ, ನೂಲಿನ ದರ ಏರಿಯೂ ಸೀರೆಯ ದರ ಏರದಿದ್ದಾಗ, ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿಯಂಥ ಊರಿನ ರೈತ, ನೇಕಾರರಿಗೆ ವೇದಿಕೆಗಳಿಂದ ಕೇಳಿಬರುವ ಮಾತು ‘ಎದೆಗುಂದಬೇಡಿ’ ಎಂಬುದು. ಈ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಎದೆ ಮತ್ತು ಕುಂದು ಸೇರಿ ಎದೆಗುಂದು; ಕಕಾರಕ್ಕೆ ಗಕಾರ ಬಂದಿರುವುದು ಆದೇಶ ಸಂಧಿ. ಎರಡೂ ಅಚ್ಚಗನ್ನಡ ಪದಗಳೇ. ಶಿಗ್ಲಿಗೆ ಸಮೀಪದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. 9ನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳಿರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳ ಜೊತೆ ಪುಲಿಗೆರೆಯನ್ನೂ ಹೆಸರಿಸುತ್ತದೆ. ಆ ಕಾಲಕ್ಕೆ ಎದೆ ‘ಎರ್ದೆ’ಯಾಗಿತ್ತು.

ಕನ್ನಡಿಗರಿಗೆ ಎದೆಯೇ ಧೈರ್ಯದ ಮನೆ. ಧೈರ್ಯವಂತ ಎದೆಗಾರ, ಅವನ ಗುಣ ಎದೆಗಾರಿಕೆ. ಇಂಗ್ಲಿಷಿನ ‘ಕರೇಜ್’ ಕೂಡ ಹೃದಯವೆಂಬ ಅರ್ಥದ ಲ್ಯಾಟಿನ್ ಪದದಿಂದಲೇ ಬಂದದ್ದು. ಇನ್ನು ಕುಂದುವುದೆಂದರೆ ಕಡಿಮೆಯಾಗುವುದು. ಚಂದ್ರನ ಕಲೆ ಕುಂದುತ್ತದೆ, ದೀಪದ ಬೆಳಕು ಕುಂದುತ್ತದೆ. ಎರಡೂ ಮತ್ತೆ ತುಂಬಿಕೊಳ್ಳಬಲ್ಲವು. (ಮುದುಕರ ದೃಷ್ಟಿ ಕುಂದಿದರೆ ಮರಳುವುದು ಕಷ್ಟ ಎಂಬುದೂ ನಿಜ.) ಎದೆ ನಡುಗುವುದು ಭಯ. ಗದುಗಿನ ಭಾರತದ ಉತ್ತರಕುಮಾರ ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ್ದು ಭಯದಿಂದ. ಎದೆಗುಂದುವುದು ಅಷ್ಟು ದಿಢೀರನೆ ಆಗುವುದಲ್ಲ; ಒಂದರ ಮೇಲೊಂದು ಸೋಲು ಕಂಡವನ ಉತ್ಸಾಹ ಇಳಿಯುತ್ತ ಹೋಗುವುದು.

ಪತ್ರಿಕೆಗಳು ಇದಕ್ಕೆ ಬದಲಾಗಿ ‘ಹತಾಶ’ ಎಂದು ಬರೆಯುವುದುಂಟು. ಅದು ಸರಿಯಲ್ಲ. ಹತ ಎಂದರೆ ಕೊಲ್ಲಲ್ಪಟ್ಟ. ಆಶೆಯೇ ಸತ್ತವನು ಹತಾಶ. ಬೆಳೆ ಕಳೆದುಕೊಂಡವರನ್ನೆಲ್ಲ ‘ಹತಾಶ ರೈತರು’ ಎಂದುಬಿಟ್ಟರೆ, ಮುಂದಿನ ಹಿಂಗಾರಿಗೆ ಬೀಜ ಹುಡುಕುತ್ತಿರುವವನ ಆಶೆಯನ್ನು ನಾವೇ ಕೊಂದಂತೆ. ನಿಜಕ್ಕೂ ಆಶೆ ಬಿಟ್ಟವನಿಗೆ ‘ಎದೆಗುಂದಬೇಡ’ ಎಂಬ ಬರಿಮಾತು ಸಾಲುವುದೂ ಇಲ್ಲ. ಅವನ ಬಳಿ ಯಾರಾದರೂ ಕೂರಬೇಕು, ಸಾಲದ ಲೆಕ್ಕ ಕೇಳಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಬಳಕೆಯಲ್ಲಿ ಇನ್ನೊಂದು ವಿಚಿತ್ರವಿದೆ. ಈ ಪದ ಹೆಚ್ಚಾಗಿ ನಿಷೇಧರೂಪದಲ್ಲೇ ಓಡಾಡುತ್ತದೆ: ಎದೆಗುಂದಬೇಡ, ಎದೆಗುಂದದೆ, ಎದೆಗುಂದಲಿಲ್ಲ. ಅಂದರೆ ಇದು ಸಮಾಧಾನ ಹೇಳುವವರ, ಹೊಗಳುವವರ ಪದ. ‘ನಾನು ಎದೆಗುಂದಿದ್ದೇನೆ’ ಎಂದು ಹೇಳಿಕೊಳ್ಳುವವರು ಅಪರೂಪ. ಗದಗ ಸೀಮೆಯ ಮನೆಗಳಲ್ಲಿ ಆ ಸ್ಥಿತಿ ಬೇರೆ ಮಾತಿನಲ್ಲಿ ಹೊರಬರುತ್ತದೆ: ‘ಕೈಕಾಲು ಆಡವಲ್ವು’, ‘ಯಾತರಾಗೂ ಮನಸಿಲ್ಲರೀ’.