ಮಿಕ್ಸಿಯನ್ನು ಆರಿಸುವ ಬಗೆ

ಮಿಕ್ಸಿಯನ್ನು ಕೊಳ್ಳಹೊರಟ ನಾವು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ವಾಟ್?’ ಎಂದು. ವಾಟ್ ಎಂಬುದಾದರೋ ಮೋಟಾರು ಸೆಳೆಯುವ ವಿದ್ಯುತ್ತಿನ ಅಳತೆಯೇ ಹೊರತು ಹಿಟ್ಟಿನ ನುಣುಪಿನ ಅಳತೆಯಲ್ಲ. ಹೊರೆಯಿಲ್ಲದಾಗ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುವ ಮಿಕ್ಸಿಯ ಅಲಗು ಕಾಳನ್ನು ಕತ್ತರಿಸುತ್ತದೆ, ಒರಳುಕಲ್ಲಿನಂತೆ ಅರೆಯುವುದಿಲ್ಲ. ಆ ವೇಗದ ಘರ್ಷಣೆಯಿಂದ ಹಿಟ್ಟು ಬಿಸಿಯಾಗುತ್ತದೆ. ಬಿಸಿ ಮಿತಿಮೀರಿದರೆ ಹುದುಗೆಬ್ಬಿಸುವ ಸೂಕ್ಷ್ಮಜೀವಿಗಳು ಕುಗ್ಗುತ್ತವೆ, ಇಡ್ಲಿ ಗಟ್ಟಿಯಾಗುತ್ತದೆ.

ಚಟ್ನಿ, ಸಾರಿನ ಪುಡಿ, ಕಾಯಿಮಸಾಲೆಗಳಿಗೆ 500ರಿಂದ 750 ವಾಟಿನ ಮಿಕ್ಸಿ ಧಾರಾಳವಾಗಿ ಸಾಕು. ಪದೇ ಪದೇ ಇಡ್ಲಿ, ದೋಸೆ ಮಾಡುವ ಮನೆಗೆ ನಿಧಾನವಾಗಿ ತಿರುಗುವ ಕಲ್ಲಿನ ಗ್ರೈಂಡರೇ ಲೇಸು. ಮಿಕ್ಸಿಯಲ್ಲಿಯೇ ರುಬ್ಬುವುದಾದರೆ ತಣ್ಣೀರನ್ನು ಹಾಕಿ, ನಡುನಡುವೆ ನಿಲ್ಲಿಸಿ ರುಬ್ಬಬೇಕು. ನಮ್ಮ ಮನೆಯ ಅಡಿಗೆ ಯಾವುದೆಂಬುದನ್ನು ಮೊದಲು ನೋಡಿ, ಆಮೇಲೆ ಯಂತ್ರವನ್ನು ಆರಿಸೋಣ.